ಸ್ಪ್ಲಿಟ್ ಪಿನ್ ಇಲ್ಲದೆ ಮರಳಿ ಬಂದ ಗಾಡಿ: ಮೈಸೂರಿನ ಗ್ಯಾರೇಜುಗಳು ಮತ್ತು ನಮ್ಮ ಮನೆಯ ಪೋರ್ಟಿಕೊ

ಬೈಕಿನ ಹಿಂದಿನ ಚಕ್ರದ ಡ್ರಮ್ ಬ್ರೇಕಿನಲ್ಲಿ, ಬ್ರೇಕ್ ಪ್ಲೇಟು ಚಕ್ರದ ಜೊತೆ ತಾನೂ ಸುತ್ತಿಕೊಳ್ಳದಂತೆ ಹಿಡಿದಿಡುವ ಟಾರ್ಕ್ ಆರ್ಮ್ ಎಂಬ ಕಬ್ಬಿಣದ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿಯನ್ನು ಒಂದು ಬೋಲ್ಟು ಮತ್ತು ಒಂದು ನಟ್ಟು ಹಿಡಿದಿರುತ್ತವೆ. ನಟ್ಟು ಸಡಿಲವಾದರೂ ಕಳಚಿ ಬೀಳಬಾರದೆಂದು ಬೋಲ್ಟಿನ ತುದಿಯ ತೂತಿಗೆ ಸ್ಪ್ಲಿಟ್ ಪಿನ್ ಎಂಬ ಎರಡು ಕಾಲಿನ ಪಿನ್ ತೂರಿಸಿ ಕಾಲುಗಳನ್ನು ಅಗಲಿಸಿರುತ್ತಾರೆ. ಒಂದೆರಡು ರೂಪಾಯಿ ಬೆಲೆಯ ಆ ಪಿನ್ ಹಾಕದೆ, ನಟ್ಟನ್ನೂ ಪೂರ್ತಿ ಬಿಗಿ ಮಾಡದೆ, ಬಿಲ್ಲಿನಲ್ಲಿ ಮಾತ್ರ ‘ಹಿಂದಿನ ಬ್ರೇಕ್ ಓವರ್‌ಹಾಲ್’ ಎಂದು ಬರೆದು ಮೈಸೂರಿನ ಒಂದು ಗ್ಯಾರೇಜಿನವರು ನನ್ನ ಗಾಡಿಯನ್ನು ಕೈಗೆ ಕೊಟ್ಟರು. ನಾಲ್ಕನೆಯ ದಿನ ಅದೇ ಗಾಡಿಯಲ್ಲಿ ತಾಯಿಯನ್ನು ನೋಡಲು ಪಾಂಡವಪುರದ ಕಡೆಗೆ ಹೊರಟಿದ್ದೆ.

ಅದು 2021ರ ಡಿಸೆಂಬರ್ ತಿಂಗಳು, ಕಬ್ಬು ಸಾಗಿಸುವ ಕಾಲ. ಶ್ರೀರಂಗಪಟ್ಟಣ ದಾಟಿ ಕಿರಂಗೂರಿನ ಬಳಿ ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಿಧಾನವಾಯಿತು. ಹಿಂದಿನ ಬ್ರೇಕ್ ತುಳಿದಾಗ ಕಾಲಿನ ಕೆಳಗೆ ‘ಟಕ್’ ಎಂದು ಏನೋ ಜರುಗಿದಂತಾಯಿತು. ಬ್ರೇಕ್ ಹಿಡಿಯಿತು, ಆದರೆ ಪೆಡಲ್ ಎಂದಿಗಿಂತ ಕೆಳಗೆ ಹೋಗಿತ್ತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ಬಗ್ಗಿ ನೋಡಿದರೆ ಟಾರ್ಕ್ ಆರ್ಮಿನ ನಟ್ಟು ಬೋಲ್ಟಿನ ಕೊನೆಯ ಎರಡು ಸುತ್ತಿನಲ್ಲಿ ನೇತಾಡುತ್ತಿತ್ತು. ತೂತು ಖಾಲಿ. ಇನ್ನೂ ಎರಡು ಕಿಲೋಮೀಟರ್ ಹೋಗಿದ್ದರೆ ಆ ನಟ್ಟು ಬಿದ್ದು, ಬೋಲ್ಟು ಜಾರಿ, ಮುಂದಿನ ಬಾರಿ ಬ್ರೇಕ್ ತುಳಿದಾಗ ಪ್ಲೇಟು ಸುತ್ತಿಕೊಂಡು ಚಕ್ರವೇ ಕಟ್ಟಿಹಾಕಿದಂತೆ ನಿಲ್ಲಬಹುದಿತ್ತು. ಹಿಂದೆ ಕಬ್ಬಿನ ಲಾರಿಗಳು ಬರುತ್ತಿದ್ದ ಆ ರಸ್ತೆಯಲ್ಲಿ ಮುಂದೇನಾಗುತ್ತಿತ್ತು ಎಂದು ಇಂದಿಗೂ ಯೋಚಿಸಲು ಮನಸ್ಸು ಬರುವುದಿಲ್ಲ.

ಹತ್ತಿರದ ಸೈಕಲ್ ಶಾಪಿನ ಹಿರಿಯರೊಬ್ಬರು ತಮ್ಮ ಡಬ್ಬಿಯಲ್ಲಿ ಹುಡುಕಿ ಒಂದು ಪಿನ್ ತೆಗೆದು, ನಟ್ಟು ಬಿಗಿ ಮಾಡಿ, ಪಿನ್ನಿನ ಕಾಲುಗಳನ್ನು ಕಟಿಂಗ್ ಪ್ಲೇಯರಿನಿಂದ ಅಗಲಿಸಿದರು. ‘ಬ್ರೇಕಿಗೆ ಪಿನ್ ಹಾಕ್ದೆ ಕಳ್ಸವ್ರಲ್ಲ ಸ್ವಾಮಿ, ಅವ್ರ ಮನೇಲಿ ಮಕ್ಳು ಮರಿ ಇಲ್ವಾ?’ ಎಂದರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಮಾಡಿದರು.

ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ನನ್ನದು 2016ರಲ್ಲಿ ಕೊಂಡ, ಕಾರ್ಬ್ಯುರೇಟರ್ ಇರುವ 100 ಸಿಸಿ ಗಾಡಿ. ಈಗ 73,000 ಕಿಲೋಮೀಟರ್ ಓಡಿದೆ. ಮೊದಲ ಆರು ವರ್ಷ ಅದನ್ನು ಬೇರೆ ಬೇರೆ ಗ್ಯಾರೇಜುಗಳಿಗೆ ಬಿಟ್ಟೆ. 2022ರಿಂದ ನಿತ್ಯದ ಕೆಲಸಗಳನ್ನೆಲ್ಲ ಮನೆಯ ಪೋರ್ಟಿಕೊದಲ್ಲಿ ನಾನೇ ಮಾಡಿಕೊಳ್ಳುತ್ತಿದ್ದೇನೆ. ಎರಡೂ ಬಗೆಯ ಸರ್ವಿಸನ್ನು ಅನುಭವಿಸಿದವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬ್ರೇಕಿನ ಆ ಗ್ಯಾರೇಜು ಎಲ್ಲ ಕಂಪನಿಗಳ ಗಾಡಿಗಳನ್ನೂ ತೆಗೆದುಕೊಳ್ಳುವ, ಯಾವಾಗಲೂ ಜನ ತುಂಬಿರುವ ಅಂಗಡಿ. ಮರುದಿನ ಹೋಗಿ ವಿಷಯ ಹೇಳಿದಾಗ ಮಾಲೀಕರು ಜಗಳಕ್ಕೆ ಬರಲಿಲ್ಲ. ‘ಹುಡುಗ ಹೊಸಬ ಸಾರ್, ಮರೆತಿದ್ದಾನೆ, ಬಿಡಿ ಹಾಕಿಸಿಕೊಡ್ತೀನಿ’ ಎಂದರು. ನನಗೆ ಬೇಸರವಾದದ್ದು ಆ ‘ಬಿಡಿ’ ಎಂಬ ಮಾತಿಗೆ. ಹೊಸ ಹುಡುಗ ಮರೆಯುವುದು ಸಹಜ. ಅವನು ಮರೆತದ್ದನ್ನು ನೋಡಬೇಕಾದ ಎರಡನೆಯ ಕಣ್ಣು ಆ ಅಂಗಡಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಸಿದ್ಧವಾಗಬೇಕು, ಒಬ್ಬೊಬ್ಬ ಹುಡುಗನ ಕೈಯಲ್ಲಿ ಏಕಕಾಲಕ್ಕೆ ಮೂರು ಗಾಡಿ ಬಿಚ್ಚಿರುತ್ತವೆ, ನಡುವೆ ಪಂಕ್ಚರಿಗೆ ಬಂದವರು ಕೂಗುತ್ತಿರುತ್ತಾರೆ. ಬಿಚ್ಚಿದವನೊಬ್ಬ, ಜೋಡಿಸುವವನು ಇನ್ನೊಬ್ಬ. ಕೆಲಸ ಮುಗಿದ ಗಾಡಿಯನ್ನು ಯಾರೂ ಅರ್ಧ ಕಿಲೋಮೀಟರ್ ಓಡಿಸಿ ನೋಡುವುದಿಲ್ಲ. ನೀರು ಹೊಡೆದು, ಟ್ಯಾಂಕಿಗೆ ಪಾಲಿಶ್ ತಿಕ್ಕಿ ಸಾಲಿನಲ್ಲಿ ನಿಲ್ಲಿಸುತ್ತಾರೆ. ಗಿರಾಕಿಯ ಕಣ್ಣಿಗೆ ಕಾಣುವ ಹೊಳಪಿಗೆ ಅಲ್ಲಿ ಪುರುಸೊತ್ತುಂಟು, ಕಾಣದ ಪಿನ್ನಿಗಿಲ್ಲ. ನಾನು ಕಂಡ ಹುಡುಗರಲ್ಲಿ ಕೆಲಸ ಬಾರದವರು ಕಡಿಮೆ. ಕೈ ಚುರುಕಾಗಿರುವವರಿಂದಲೇ, ಅವಸರದಿಂದಲೇ, ಇಂಥ ತಪ್ಪುಗಳಾಗುತ್ತವೆ.

ಇದಕ್ಕೂ ಮೊದಲು ಬೇರೊಂದು ಬಡಾವಣೆಯ ಗ್ಯಾರೇಜಿನಲ್ಲಿ ಎಣ್ಣೆ ಬದಲಿಸಲು ಹೋಗಿ ಎಂಜಿನ್ನಿನ ತಳದ ಡ್ರೈನ್ ಬೋಲ್ಟಿನ ಥ್ರೆಡ್ಡನ್ನೇ ಕಳೆದುಕೊಂಡಿದ್ದೆ. ಎಂಜಿನ್ ಕೇಸು ಅಲ್ಯೂಮಿನಿಯಮ್, ಬೋಲ್ಟು ಉಕ್ಕು; ಬಲವಂತ ಮಾಡಿದರೆ ಸೋಲುವುದು ಅಲ್ಯೂಮಿನಿಯಮ್ಮೇ. 12 ಮಿಲಿಮೀಟರ್ ಗಾತ್ರದ ಆ ಬೋಲ್ಟಿಗೆ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು, ಅಂದರೆ ಸಾಮಾನ್ಯ ಉದ್ದದ ರಿಂಗ್ ಸ್ಪ್ಯಾನರನ್ನು ಒಂದು ಕೈಯಲ್ಲಿ ಹದವಾಗಿ ಎಳೆದರೆ ಬರುವಷ್ಟು. ಅಲ್ಲಿ ಲಾರಿಯ ಚಕ್ರದ ನಟ್ಟು ಬಿಚ್ಚುವಂತಹ ಗಾಳಿಯ ಗನ್ನಿನಿಂದ ಅದನ್ನು ಬಿಗಿದರು. ಮರಳಿ ಬಂದ ವಾರದಲ್ಲಿ ಪೋರ್ಟಿಕೊದ ನೆಲದ ಮೇಲೆ ಎಣ್ಣೆಯ ಕಪ್ಪು ಚುಕ್ಕೆಗಳು ಕಾಣಿಸಿದವು. ಕೇಳಿದರೆ, ‘ಥ್ರೆಡ್ ಮೊದಲೇ ಹೋಗಿತ್ತು ಸಾರ್, ಹಳೇ ಗಾಡಿ’ ಎಂಬ ಉತ್ತರ. ಆಗ ಗಾಡಿಗೆ ಮೂರು ವರ್ಷವೂ ತುಂಬಿರಲಿಲ್ಲ. ಕೊನೆಗೆ ಲೇತ್ ಕೆಲಸದವರೊಬ್ಬರು ಹಳೆಯ ಥ್ರೆಡ್ಡನ್ನು ಕೊರೆದು, ಹೊಸ ಥ್ರೆಡ್ ಆಗಿ ಕೆಲಸ ಮಾಡುವ ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಿಕೊಟ್ಟರು. 600 ರೂಪಾಯಿ ಖರ್ಚಾಯಿತು. ಆ ಕೆಲಸ ಇಂದಿಗೂ ಗಟ್ಟಿಯಾಗಿದೆ, ಒಂದು ಹನಿಯೂ ಸೋರಿಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಪೀಪಾಯಿಯಿಂದ ಅಳೆದು ಹಾಕುವ ಲೂಸ್ ಆಯಿಲನ್ನು ದಯವಿಟ್ಟು ಒಪ್ಪಬೇಡಿ. ನಮ್ಮ ಸಾಮಾನ್ಯ ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಪೀಪಾಯಿಯಲ್ಲಿರುವುದು ಕಾರಿನ ಎಣ್ಣೆಯೂ ಆಗಿರಬಹುದು; ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಅದು ಕ್ಲಚ್ಚಿಗೆ ಹೋದರೆ ಪ್ಲೇಟುಗಳು ಜಾರುತ್ತವೆ, ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಬೈಕಿನ ಎಣ್ಣೆಯ ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂಬ ಗುರುತು ಇರುವುದು ಇದಕ್ಕಾಗಿಯೇ. ಚಾಮುಂಡಿ ಬೆಟ್ಟದ ಏರಿನಲ್ಲಿ ನನ್ನ ಗಾಡಿ ಹಾಗೆ ಕೂಗಿಕೊಂಡು ನಿಂತಾಗ ಹಿಂದೆ ಹೆಂಡತಿ ಕುಳಿತಿದ್ದಳು; ಗ್ಯಾರೇಜಿನವರು ಕ್ಲಚ್ ಪ್ಲೇಟ್ ಸೆಟ್ಟನ್ನೇ ಬದಲಿಸಬೇಕೆಂದರು. ಸರಿಯಾದ ಎಣ್ಣೆ ಹಾಕಿ, ನಡುವೆ ಒಮ್ಮೆ ಬೇಗನೆ ಬದಲಿಸಿ ಓಡಿಸಿದ ಮೇಲೆ ಹಳೆಯ ಪ್ಲೇಟುಗಳೇ ಇನ್ನೂ ಎರಡು ವರ್ಷ ಬಂದವು.

ಕಿರಂಗೂರಿನಿಂದ ಮರಳಿದ ವಾರವೇ ಸಲಕರಣೆ ಕೊಂಡೆ. ಗಾಡಿಯ ಜೊತೆ ಕಂಪನಿ ಕೊಡುವ ಸ್ಪ್ಯಾನರುಗಳು ದಾರಿಯ ತುರ್ತಿಗೆ ಸರಿ, ಮನೆಯ ಕೆಲಸಕ್ಕೆ ಮೃದು; ಎರಡು ಬಾರಿ ಜಾರಿದರೆ ನಟ್ಟಿನ ಮೂಲೆಗಳು ದುಂಡಗಾಗಿ ಹೋಗುತ್ತವೆ. 8ರಿಂದ 24ರವರೆಗಿನ ರಿಂಗ್ ಸ್ಪ್ಯಾನರ್ ಸೆಟ್, ಪ್ಲಗ್ಗಿನ ಬಾಕ್ಸ್ ಸ್ಪ್ಯಾನರ್, ಒಳ್ಳೆಯ ತಲೆಯ ಎರಡು ಸ್ಕ್ರೂಡ್ರೈವರ್, ಸಣ್ಣ ಸಂದುಗಳನ್ನು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜು, ಗಾಳಿಯ ಒತ್ತಡ ನೋಡುವ ಗೇಜು, ಒಂದು ಅಗಲವಾದ ತಟ್ಟೆ, ಗ್ರೀಸ್ ಡಬ್ಬಿ. ಇವುಗಳಿಗಿಂತ ಮುಖ್ಯವಾಗಿ, ಬೇಕಾದಷ್ಟೇ ಬಿಗಿಯನ್ನು ಅಳೆದು ಕೊಡುವ ಒಂದು ಟಾರ್ಕ್ ರೆಂಚ್. ನಾನು ಕೊಂಡದ್ದಕ್ಕೆ 2,400 ರೂಪಾಯಿ. ಉಳಿದದ್ದೆಲ್ಲ ಸೇರಿ ಒಟ್ಟು 5,800 ರೂಪಾಯಿ ಆಯಿತು. ಟಾರ್ಕ್ ರೆಂಚನ್ನು ಕೊಳ್ಳುವವರು ಅದರ ಅಳತೆಯ ವ್ಯಾಪ್ತಿಯನ್ನು ನೋಡಿ ಕೊಳ್ಳಬೇಕು. ಕಾರಿನ ಚಕ್ರಕ್ಕೆಂದು ಮಾಡಿದ, 200 ನ್ಯೂಟನ್ ಮೀಟರ್ ದಾಟುವ ದೊಡ್ಡ ರೆಂಚಿನಲ್ಲಿ 25ರ ಹತ್ತಿರದ ಅಳತೆ ನಂಬುವಂತಿರುವುದಿಲ್ಲ. 10ರಿಂದ 60ರ ಆಸುಪಾಸಿನದು ನಮ್ಮ ಗಾತ್ರದ ಗಾಡಿಗಳಿಗೆ ತಕ್ಕದ್ದು. ಕೆಲಸ ಮುಗಿದ ಮೇಲೆ ಅದನ್ನು ಕೆಳಗಿನ ಅಳತೆಗೆ ತಿರುಗಿಸಿಯೇ ಇಡಬೇಕು, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತದೆ.

ಮೊದಲ ಬಾರಿ ಎಣ್ಣೆ ಬದಲಿಸಲು ನನಗೆ ಒಂದೂವರೆ ಗಂಟೆ ಹಿಡಿಯಿತು, ಗ್ಯಾರೇಜಿನಲ್ಲಿ ಹತ್ತು ನಿಮಿಷದ ಕೆಲಸ. ಎಂಜಿನ್ನನ್ನು ಐದು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಬೋಲ್ಟು ಬಿಚ್ಚಿದೆ. ಕಪ್ಪು ಎಣ್ಣೆ ಮೊದಲು ಹಗ್ಗದಂತೆ ದಪ್ಪಗೆ, ಆಮೇಲೆ ದಾರದಂತೆ, ಕೊನೆಗೆ ಹನಿಹನಿಯಾಗಿ ಇಳಿಯಿತು. ಗ್ಯಾರೇಜಿನಲ್ಲಿ ದಾರದ ಹಂತದಲ್ಲೇ ಬೋಲ್ಟು ಹಾಕಿಬಿಡುತ್ತಿದ್ದರು. ನಾನು ಕಾಫಿ ಕುಡಿದು ಬರುವಷ್ಟು ಹೊತ್ತು ಹಾಗೆಯೇ ಬಿಟ್ಟೆ. ಹೊಸ ಅಲ್ಯೂಮಿನಿಯಮ್ ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಕೊನೆಗೆ ರೆಂಚ್ ‘ಕಟಕ್’ ಎನ್ನುವವರೆಗೆ ಬಿಗಿದೆ. ಎಣ್ಣೆ ಅಳೆಯುವ ಕಡ್ಡಿಯನ್ನು ತಿರುಗಿಸಿ ಬಿಗಿಯದೆ, ಸುಮ್ಮನೆ ತೂತಿಗೆ ಊರಿ ತೆಗೆದು ನೋಡಬೇಕು ಎಂಬುದು ಮಾಲೀಕರ ಕೈಪಿಡಿಯಲ್ಲಿ ಮೊದಲಿನಿಂದಲೂ ಅಚ್ಚಾಗಿತ್ತು. ಆರು ವರ್ಷ ನಾನು ಅದನ್ನು ತೆರೆದೇ ಇರಲಿಲ್ಲ. ನನ್ನ ಗಾಡಿಗೆ ಬೇಕಾದ ಎಣ್ಣೆ ಒಂದು ಲೀಟರಿಗೂ ಕಡಿಮೆ. ಗ್ಯಾರೇಜುಗಳಲ್ಲಿ ಲೀಟರ್ ಡಬ್ಬಿಯನ್ನು ಪೂರ್ತಿ ಬಗ್ಗಿಸಿಬಿಡುತ್ತಿದ್ದರು, ಹೆಚ್ಚಾದದ್ದು ಉಸಿರಾಟದ ಕೊಳವೆಯ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಸೇರುತ್ತಿತ್ತು. ಫಿಲ್ಟರ್ ಪದೇ ಪದೇ ಏಕೆ ಒದ್ದೆಯಾಗುತ್ತಿತ್ತೆಂದು ಆಗ ತಿಳಿಯಿತು.

ಚೈನಿನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಕಲಿತೆ. ನನ್ನ ಗಾಡಿಯ ಚೈನ್ ಪೂರ್ತಿ ಕವರಿನ ಒಳಗಿದೆ. ಕೆಳಭಾಗದ ಸಣ್ಣ ರಬ್ಬರ್ ಮುಚ್ಚಳ ತೆಗೆದರೆ ಒಂದಿಷ್ಟು ಮಾತ್ರ ಕಾಣುತ್ತದೆ. ಕಣ್ಣಿಗೆ ಮರೆಯಾಗಿರುವ ಇಂತಹ ಜಾಗದಲ್ಲಿ ಏನು ನಡೆದಿದೆ ಎಂದು ಕವರ್ ಬಿಚ್ಚಿ ನೋಡಿದಾಗ, ಚೈನಿನ ಎರಡು ತುದಿಗಳನ್ನು ಕೂಡಿಸುವ ಚೈನ್ ಲಾಕಿನ ಕ್ಲಿಪ್ಪನ್ನು ತಿರುಗುಮುರುಗಾಗಿ ಹಾಕಿದ್ದು ಕಂಡಿತು. ಮೀನಿನ ಆಕಾರದ ಆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ. ಸೀಳು ಮುಂದಿದ್ದರೆ ಯಾವುದಕ್ಕಾದರೂ ತಗುಲಿ ಕ್ಲಿಪ್ ಹಾರಿಹೋಗುವ ಅಪಾಯವಿದೆ. ಚೈನ್ ಬದಲಿಸಿ ಎಂಟು ತಿಂಗಳಾಗಿತ್ತು, ಅಷ್ಟೂ ದಿನ ನಾನು ಮಗಳನ್ನು ಅದೇ ಗಾಡಿಯಲ್ಲಿ ಶಾಲೆಗೆ ಬಿಡುತ್ತಿದ್ದೆ. ಬಿಗಿಯೂ ಅತಿಯಾಗಿತ್ತು: ನಡುಭಾಗದಲ್ಲಿ ಮೇಲೆ ಕೆಳಗೆ ಸುಮಾರು 25 ಮಿಲಿಮೀಟರ್ ಆಡಬೇಕಾದ ಚೈನ್ ತಂತಿಯಂತೆ ಸೆಟೆದಿತ್ತು. ಚೈನ್ ಸದ್ದು ಎಂದು ದೂರಿದ ಗಿರಾಕಿಯ ಬಾಯಿ ಮುಚ್ಚಿಸಲು ಬಿಗಿ ಮಾಡಿ ಕಳಿಸುವುದು ಸುಲಭ. ಅದರ ಬೆಲೆಯನ್ನು ಬೇರಿಂಗು ಮತ್ತು ಸ್ಪ್ರಾಕೆಟ್ಟುಗಳು ತೆರುತ್ತವೆ. ಈಗ ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, 90ರ ಗೇರ್ ಆಯಿಲ್ ಹಚ್ಚುತ್ತೇನೆ. ಸುಟ್ಟ ಎಂಜಿನ್ ಎಣ್ಣೆಯನ್ನೇ ಚೈನಿಗೆ ಸುರಿಯುವ ರೂಢಿ ನಮ್ಮ ಕಡೆ ಬಹಳ ಇದೆ. ಅದರಲ್ಲಿ ಸವೆದ ಲೋಹದ ಪುಡಿ ಇರುವುದರಿಂದ ಅದು ಚೈನಿಗೆ ಒಳ್ಳೆಯದಲ್ಲ.

ಉಳಿದ ಕೆಲಸಗಳನ್ನು ಬೇಗ ಹೇಳಿಬಿಡಬಹುದು. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20, ಹಿಂದಿನ ಬ್ರೇಕ್ ಪೆಡಲಿನಲ್ಲಿ 20ರಿಂದ 30 ಮಿಲಿಮೀಟರ್ ಸಡಿಲ ಆಟ ಇರುವಂತೆ ನೋಡಿಕೊಳ್ಳುವುದು ಐದು ನಿಮಿಷದ ಕೆಲಸ. ಒಬ್ಬರೇ ಓಡಿಸುವಾಗ ಮುಂದಿನ ಟಯರಿಗೆ 25, ಹಿಂದಿನದಕ್ಕೆ 28 ಪೌಂಡ್ ಗಾಳಿ. ಬ್ರೇಕ್ ಡ್ರಮ್ಮಿನ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಸೇರಬಾರದ ಧೂಳದು. ಒದ್ದೆ ಬಟ್ಟೆಯಿಂದ ಒರೆಸಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಅವಕಾಶವಿಲ್ಲದೆ ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ನನಗೆ ಧೂಳು, ಹಂಪು, ಪದೇ ಪದೇ ಬ್ರೇಕು ಎಲ್ಲವೂ ಹೆಚ್ಚಾಗಿವೆ. ಆದ್ದರಿಂದ ಏರ್ ಫಿಲ್ಟರ್ ಮತ್ತು ಬ್ರೇಕ್ ಶೂಗಳನ್ನು ಕೈಪಿಡಿಯ ಗಡುವಿಗಿಂತ ಮೊದಲೇ ತೆರೆದು ನೋಡುತ್ತೇನೆ.

ತಾನೇ ಗಾಡಿ ಬಿಚ್ಚುವುದು ಮೈಸೂರಿಗೆ ಹೊಸದಲ್ಲ. ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ದಿ ಬೈಕುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಸೋದರಮಾವನ ಬಳಿ 250 ಸಿಸಿಯ ಯೆಜ್ದಿ ಇತ್ತು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಗಾಡಿ ಅದು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುತ್ತಿದ್ದುದರಿಂದ ಎರಡೂ ಸೈಲೆನ್ಸರುಗಳ ಒಳಗೆ ಮಸಿ ಗಟ್ಟಿಯಾಗಿ ಕಟ್ಟುತ್ತಿತ್ತು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಗೋಣಿತಾಟು ಹಾಸಿ, ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಎಳೆದು, ಮಸಿ ಕೆರೆದು, ಬಿಚ್ಚಿದ ಪ್ರತಿ ನಟ್ಟನ್ನೂ ಬಿಚ್ಚಿದ ಕ್ರಮದಲ್ಲೇ ತಾಟಿನ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ‘ಸಾಲಿನಲ್ಲಿ ಒಂದು ಉಳಿದರೆ ಗಾಡಿ ಹೊರಡಬಾರದು ಕಣೋ’ ಎನ್ನುತ್ತಿದ್ದರು. ನಾನು ಇಂದಿಗೂ ಹಾಗೆಯೇ ಇಡುತ್ತೇನೆ, ಗೋಣಿತಾಟಿನ ಬದಲು ಹಳೆಯ ಸ್ಟೀಲ್ ತಟ್ಟೆ.

ಎಲ್ಲವನ್ನೂ ಮನೆಯಲ್ಲೇ ಮಾಡಬಹುದೆಂದು ನಾನು ಹೇಳುವುದಿಲ್ಲ. ವಾರಂಟಿ ಇರುವ ಗಾಡಿಯನ್ನು ಅಧಿಕೃತ ಕೇಂದ್ರಕ್ಕೇ ಕೊಟ್ಟು ಬಿಲ್ಲುಗಳನ್ನು ಜೋಪಾನ ಮಾಡಬೇಕು. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್6 ನಿಯಮ ಬಂದ ಮೇಲೆ ಬೈಕುಗಳು ಬಹುಪಾಲು ಫ್ಯೂಯಲ್ ಇಂಜೆಕ್ಷನ್ನಿಗೆ ಬದಲಾಗಿವೆ. ಅವುಗಳಲ್ಲಿ ಎಂಜಿನ್ ದೀಪ ಹೊತ್ತಿಕೊಂಡರೆ ದೋಷ ಓದುವ ಯಂತ್ರ ಬೇಕು. ನನ್ನ ಹಳೆಯ ಗಾಡಿಯಲ್ಲೂ ಕ್ಲಚ್ ತೆರೆಯುವುದು, ಸ್ಟೀರಿಂಗ್ ಬೇರಿಂಗ್ ಹಾಕುವುದು, ಟ್ಯಾಪೆಟ್ (ಎಂಜಿನ್ ವಾಲ್ವುಗಳ ಸಂದಿನ ಅಳತೆ) ಸರಿಪಡಿಸುವುದು ನನ್ನ ಕೈಗೆ ಮೀರಿದ ಕೆಲಸಗಳು.

ಅಂತಹ ಕೆಲಸಕ್ಕೆ ಈಗ ಹಳೆಯ ಮೊಹಲ್ಲಾವೊಂದರಲ್ಲಿ ಒಬ್ಬರೇ ಕುಳಿತು ಕೆಲಸ ಮಾಡುವ ಮೆಕ್ಯಾನಿಕರೊಬ್ಬರ ಬಳಿಗೆ ಹೋಗುತ್ತೇನೆ. ದಿನಕ್ಕೆ ಮೂರು ಗಾಡಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಟ್ಯಾಪೆಟ್ ಕೆಲಸವಿದ್ದರೆ ಹಿಂದಿನ ರಾತ್ರಿಯೇ ಗಾಡಿ ಬಿಡಲು ಹೇಳುತ್ತಾರೆ, ಏಕೆಂದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜು ತೂರಿಸಿ ನೋಡಿದರಷ್ಟೇ ಅಳತೆ ಸರಿ ಬರುತ್ತದೆ. ಬಿಸಿ ಎಂಜಿನ್ನಿಗೆ ಕಿವಿಗೊಟ್ಟು ಸದ್ದಿನ ಮೇಲೆ ತಿರುಗಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳದೆಯೇ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಕೂಲಿ ಬೇರೆಯವರಿಗಿಂತ ನೂರು ರೂಪಾಯಿ ಹೆಚ್ಚು, ಸಂತೋಷವಾಗಿ ಕೊಡುತ್ತೇನೆ. ಕಿರಂಗೂರಿನ ಕಥೆ ಹೇಳಿದಾಗ ಅವರು ಎದ್ದು ಬಂದು, ನನ್ನ ಗಾಡಿಯ ಆ ನಟ್ಟನ್ನು ಬಗ್ಗಿ ನೋಡಿ, ‘ಪಿನ್ ಹಾಕಿದವರು ಕೆಲಸ ಗೊತ್ತಿದ್ದವರು’ ಎಂದರು.

ಗ್ಯಾರೇಜಿಗೆ ಹೋಗಲೇಬೇಕಾದವರು ಬಿಲ್ಲು ಕೇಳಿ ಪಡೆಯಬೇಕು, ಅದರಲ್ಲಿ ಮಾಡಿದ ಕೆಲಸ ಮತ್ತು ಹಾಕಿದ ಭಾಗಗಳು ಬಿಡಿಬಿಡಿಯಾಗಿ ಇರಬೇಕು. ರಿಪೇರಿಯೂ ಒಂದು ಸೇವೆ. ಅದರಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 1915 ಸಹಾಯವಾಣಿಗೂ ಕರೆ ಮಾಡಬಹುದು. ಡ್ರೈನ್ ಬೋಲ್ಟಿನ ವಿಷಯದಲ್ಲಿ ನನ್ನ ಬಳಿ ಬಿಲ್ಲೇ ಇರಲಿಲ್ಲ, ಆದ್ದರಿಂದ ಬಾಯಿಮಾತಿನಲ್ಲೇ ಸೋತು ಬಂದೆ. ಗಾಡಿ ಮರಳಿ ಪಡೆಯುವಾಗ ಅಲ್ಲೇ ಸೆಂಟರ್ ಸ್ಟ್ಯಾಂಡ್ ಹಾಕಿಸಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಆಕ್ಸಲ್ ನಟ್ಟು, ಟಾರ್ಕ್ ಆರ್ಮಿನ ಪಿನ್ನು, ಎಂಜಿನ್ ತಳದ ಬೋಲ್ಟು ಇವಿಷ್ಟನ್ನು ಬಗ್ಗಿ ನೋಡಿ. ಎರಡು ನಿಮಿಷ ಸಾಕು. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಖರ್ಚಿನ ಲೆಕ್ಕದಲ್ಲಿ, ವರ್ಷಕ್ಕೆ ಮೂರು ಸರ್ವಿಸಿನ ಕೂಲಿ ಉಳಿದು ಸಲಕರಣೆಯ ದುಡ್ಡು ನನಗೆ ಮೂರನೆಯ ವರ್ಷದಲ್ಲಿ ಮರಳಿತು. ಉಳಿತಾಯಕ್ಕಾಗಿಯೇ ಈ ಕೆಲಸಕ್ಕೆ ಇಳಿಯುವವರು ಬೇಗ ಬೇಸರಪಡುತ್ತಾರೆ, ಏಕೆಂದರೆ ಭಾನುವಾರದ ಅರ್ಧ ದಿನ ಹೋಗುತ್ತದೆ, ಉಗುರಿನ ಸಂದಿಯ ಕಪ್ಪು ಬುಧವಾರದವರೆಗೆ ಇರುತ್ತದೆ. ಸುಟ್ಟ ಎಣ್ಣೆಯನ್ನು ಚರಂಡಿಗೆ ಸುರಿಯುವಂತೆಯೂ ಇಲ್ಲ. ನಾನು ಹಳೆಯ ಡಬ್ಬಿಗಳಲ್ಲಿ ತುಂಬಿಟ್ಟು, ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಸಿ ಸಂಸ್ಕರಣೆಗೆ ಕಳಿಸುವ ಒಂದು ವರ್ಕ್‌ಶಾಪಿಗೆ ಕೊಟ್ಟು ಬರುತ್ತೇನೆ.

ಸೀಟಿನ ಕೆಳಗಿನ ಸಲಕರಣೆ ಚೀಲದಲ್ಲಿ ಈಗ ನಾಲ್ಕು ಸ್ಪ್ಲಿಟ್ ಪಿನ್, ಒಂದು ಚೈನ್ ಲಾಕ್, ಒಂದು ಹೆಚ್ಚುವರಿ ವಾಷರ್ ಇವೆ. 75,000 ಕಿಲೋಮೀಟರ್ ಆಗುವುದರೊಳಗೆ ಟ್ಯಾಪೆಟ್ ನೋಡಿಸಬೇಕು. ಮೊಹಲ್ಲಾದ ಮೆಕ್ಯಾನಿಕರು ಶನಿವಾರ ಬೆಳಿಗ್ಗೆ ಎಂಟಕ್ಕೆ ಬರಹೇಳಿದ್ದಾರೆ. ಶುಕ್ರವಾರ ರಾತ್ರಿಯೇ ಗಾಡಿ ಬಿಟ್ಟು ಬರುತ್ತೇನೆ.